ಬೇರು ತರಕಾರಿಗಳಲ್ಲಿ ಅಕಾಲದ ಹೂದಂಟು: ಕಾರಣ, ತಡೆ ಮತ್ತು ತರಗತಿಯ ಬೋಧನೆ

ತರಗತಿ: 6ರಿಂದ 8
ವಿಷಯ: ವಿಜ್ಞಾನ ಮತ್ತು ಕನ್ನಡ
ಅವಧಿ: ಐದು ಪಾಠಾವಧಿಗಳು ಹಾಗೂ ಸುಮಾರು 90 ದಿನಗಳ ಕೈತೋಟ ವೀಕ್ಷಣೆ

1. ಪೀಠಿಕೆ

ಶಾಲಾ ಕೈತೋಟದಲ್ಲಿ ಮೂಲಂಗಿ ಬಿತ್ತಿದ ಅನೇಕ ಶಿಕ್ಷಕರಿಗೆ ಒಂದು ನಿರಾಶೆ ಪರಿಚಿತವಾದುದು. ಎಲೆಗಳು ಹುಲುಸಾಗಿ ಬೆಳೆದಿರುತ್ತವೆ. ಇನ್ನೇನು ಬೇರು ತುಂಬಬೇಕು ಎನ್ನುವ ಹೊತ್ತಿಗೆ ಎಲೆಗಳ ನಡುವಿನಿಂದ ದಂಟೊಂದು ಮೇಲೆದ್ದು, ಕೆಲವೇ ದಿನಗಳಲ್ಲಿ ಬಿಳಿ ಅಥವಾ ನಸುನೇರಳೆ ಬಣ್ಣದ ಹೂಗಳನ್ನು ತಾಳುತ್ತದೆ. ಗಿಡವನ್ನು ಕಿತ್ತು ನೋಡಿದರೆ ಬೇರು ಸಣಕಲು. ಅಡ್ಡಲಾಗಿ ಕೊಯ್ದರೆ ಒಳಗೆಲ್ಲ ಬೆಂಡು. ಮಧ್ಯಾಹ್ನದ ಊಟದ ಸಾರಿಗೆ ಒದಗಬೇಕಾಗಿದ್ದ ತರಕಾರಿ ದನದ ಮೇವಾಗುತ್ತದೆ. ಆಗ ಮಕ್ಕಳು ಕೇಳುವ ಪ್ರಶ್ನೆ ಸಹಜವಾದದ್ದು: ‘ಹೂವು ಬಂದರೆ ಒಳ್ಳೆಯದಲ್ಲವೇ?’ ಈ ಪ್ರಶ್ನೆಗೆ ಸರಿಯಾದ ಉತ್ತರ ಕೊಡುವುದು ಪ್ರಸ್ತುತ ಪಾಠದ ಗುರಿ.

ಗಡಿನಾಡಿನ ಕನ್ನಡ ಶಾಲೆಗಳಿಗೆ ಈ ವಿಷಯ ದೂರದ್ದಲ್ಲ. ನೀಲಗಿರಿಯ ಮಕ್ಕಳು ಕ್ಯಾರೆಟ್ ಮತ್ತು ಬೀಟ್‌ರೂಟ್ ಹೊಲಗಳ ನಡುವೆ ನಡೆದು ಶಾಲೆಗೆ ಬರುತ್ತಾರೆ. ತಾಳವಾಡಿ ಮತ್ತು ಹೊಸೂರಿನ ಕಡೆ ತರಕಾರಿ ಕೃಷಿ ಅನೇಕ ಮನೆಗಳ ಆಧಾರ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತದ ಮಕ್ಕಳಿಗೆ ಉಳ್ಳಾಗಡ್ಡಿಯ ಪೇಟೆಯ ಏರಿಳಿತ ಮನೆಮಾತಾಗಿರುತ್ತದೆ. ಹೂದಂಟು ಎದ್ದ ಬೆಳೆಗೆ ಪೇಟೆಯಲ್ಲಿ ಬೆಲೆಯಿಲ್ಲ. ಆದ್ದರಿಂದ ಶಾಲೆಯ ಒಂದು ಮಡಿಯಲ್ಲಿ ಮಕ್ಕಳು ಕಲಿಯುವ ಈ ಪಾಠಕ್ಕೂ ಅವರ ಮನೆಯ ಒಂದು ಹಂಗಾಮಿನ ಆದಾಯಕ್ಕೂ ನೇರವಾದ ಸಂಬಂಧವಿದೆ.

ಪಾಠದ ತಿರುಳು ಇಷ್ಟು: ಗಿಡವು ಋತುವಿನ ಸೂಚನೆಗಳನ್ನು ಗ್ರಹಿಸಿ ಅದಕ್ಕೆ ತಕ್ಕಂತೆ ಹೂಬಿಡುತ್ತದೆ. ತಳಿಯ ಆಯ್ಕೆ, ಬಿತ್ತನೆಯ ದಿನ, ತಡೆಯಿಲ್ಲದ ಬೆಳವಣಿಗೆ, ಸಕಾಲದ ಕೊಯ್ಲು ಎಂಬ ನಾಲ್ಕು ಸಂಗತಿಗಳ ಮೂಲಕ ಆ ಸೂಚನೆಗಳು ಬೇರು ತುಂಬುವ ಮೊದಲೇ ಗಿಡಕ್ಕೆ ತಲುಪದಂತೆ ನೋಡಿಕೊಳ್ಳಬಹುದು. ದಂಟು ಎದ್ದ ಮೇಲೆ ಮಾಡುವ ಉಪಾಯಗಳಿಂದ ಹೆಚ್ಚಿನ ಪ್ರಯೋಜನವಿಲ್ಲ.

2. ಕಲಿಕೆಯ ಉದ್ದೇಶಗಳು

ಪಾಠ ಮುಗಿದಾಗ ವಿದ್ಯಾರ್ಥಿಯು:

1. ಬೇರು ತರಕಾರಿಯ ಗಿಡ ತನ್ನ ಬೇರಿನಲ್ಲಿ ಆಹಾರವನ್ನು ಏಕೆ ಕೂಡಿಡುತ್ತದೆ ಎಂಬುದನ್ನು ವಿವರಿಸುತ್ತಾನೆ/ಳೆ.
2. ಅಕಾಲದಲ್ಲಿ ಹೂದಂಟು ಏಳಲು ಕಾರಣವಾಗುವ ಅಂಶಗಳನ್ನು ಗುರುತಿಸುತ್ತಾನೆ/ಳೆ.
3. ಕೊಯ್ಲಿನ ದಿನದಿಂದ ಹಿಂದಕ್ಕೆ ಎಣಿಸಿ ಬಿತ್ತನೆಯ ದಿನವನ್ನು ನಿಶ್ಚಯಿಸುತ್ತಾನೆ/ಳೆ.
4. ಕಂಡದ್ದನ್ನೂ ಊಹಿಸಿದ್ದನ್ನೂ ಬೇರ್ಪಡಿಸಿ, ಕಾರಣ ಮತ್ತು ಪರಿಣಾಮಗಳನ್ನು ಸ್ಪಷ್ಟ ಕನ್ನಡ ವಾಕ್ಯಗಳಲ್ಲಿ ಬರೆಯುತ್ತಾನೆ/ಳೆ.

3. ಶಿಕ್ಷಕರಿಗೆ ವಿಷಯ ವಿವರಣೆ

3.1 ಬೇರು ಯಾರಿಗಾಗಿ?

ಮೂಲಂಗಿಯಾಗಲಿ ಕ್ಯಾರೆಟ್ ಆಗಲಿ ನಮ್ಮ ಅಡುಗೆಗೆಂದು ಬೇರನ್ನು ದಪ್ಪಗೊಳಿಸುವುದಿಲ್ಲ. ಎಲೆಗಳು ತಯಾರಿಸಿದ ಸಕ್ಕರೆಯನ್ನು ಗಿಡವು ಮುಂದಿನ ಖರ್ಚಿಗೆಂದು ಬೇರಿನಲ್ಲಿ ಉಳಿತಾಯ ಮಾಡುತ್ತದೆ. ಆ ಖರ್ಚು ಎಂದರೆ ಹೂವು ಮತ್ತು ಬೀಜ. ಕ್ಯಾರೆಟ್, ಬೀಟ್‌ರೂಟ್, ಈರುಳ್ಳಿಗಳು ಸ್ವಭಾವತಃ ದ್ವೈವಾರ್ಷಿಕ ಸಸ್ಯಗಳು. ಮೊದಲ ಬೆಳವಣಿಗೆಯ ಕಾಲದಲ್ಲಿ ಅವು ಎಲೆಗಳನ್ನು ಬೆಳೆಸಿ ಆಹಾರವನ್ನು ಕೂಡಿಡುತ್ತವೆ; ಚಳಿಗಾಲವನ್ನು ಕಳೆದು ಎರಡನೆಯ ಕಾಲದಲ್ಲಿ ಆ ಸಂಗ್ರಹವನ್ನು ಬಳಸಿ ಹೂದಂಟು ಎತ್ತುತ್ತವೆ. ಈ ಎರಡು ಕಾಲಗಳ ನಡುವಿನ ಬಿಡುವಿನಲ್ಲಿ ನಾವು ತರಕಾರಿಯನ್ನು ಕಿತ್ತುಕೊಳ್ಳುತ್ತೇವೆ. ಅಕಾಲದ ಹೂದಂಟು ಎಂದರೆ ಈ ಬಿಡುವು ಮೊಟಕಾಗಿ, ಉಳಿತಾಯ ಪೂರ್ಣಗೊಳ್ಳುವ ಮುನ್ನವೇ ಖರ್ಚು ಆರಂಭವಾಗುವುದು.

ಹೂದಂಟು ಏಳತೊಡಗಿದಾಗ ಬೇರಿನ ಸಕ್ಕರೆ ದಂಟಿನ ಕಡೆಗೆ ಸಾಗುತ್ತದೆ. ಮೂಲಂಗಿ ಬೆಂಡಾಗುತ್ತದೆ. ಕ್ಯಾರೆಟ್ಟಿನ ನಡುದಿಂಡು ಕಟ್ಟಿಗೆಯಂತೆ ಗಟ್ಟಿಯಾಗುತ್ತದೆ. ಈರುಳ್ಳಿಯ ಗಡ್ಡೆಯ ನಡುವೆ ಗಟ್ಟಿ ದಂಟು ನಿಂತು, ಅದು ಬಹುಕಾಲ ಕೆಡದೆ ಉಳಿಯಲಾರದು. ಈರುಳ್ಳಿ ಬೇರು ತರಕಾರಿಯಲ್ಲ. ಎಲೆಗಳ ಬುಡಗಳು ದಪ್ಪಗಾಗಿ ಒಂದರ ಮೇಲೊಂದು ಸುತ್ತಿಕೊಂಡು ಆದ ಗಡ್ಡೆ ಅದು. ಆದರೆ ಹೂಬಿಡುವ ಕ್ರಮ ಹೋಲುವುದರಿಂದ ಅದನ್ನೂ ಈ ಪಾಠದಲ್ಲಿ ಸೇರಿಸಲಾಗಿದೆ.

3.2 ಮೊದಲ ಸೂಚನೆ: ಚಳಿ

ಕೆಲವು ಸಸ್ಯಗಳಿಗೆ ನಿರ್ದಿಷ್ಟ ಅವಧಿಯ ಚಳಿ ತಾಗಿದ ಮೇಲೆಯೇ ಹೂಬಿಡುವ ಸಾಮರ್ಥ್ಯ ಬರುತ್ತದೆ. ಇದನ್ನು ವಿಜ್ಞಾನದಲ್ಲಿ ವರ್ನಲೀಕರಣ ಎನ್ನುತ್ತಾರೆ. ಮಕ್ಕಳಿಗೆ ಇದನ್ನು ‘ಚಳಿಯ ಸಂಸ್ಕಾರ’ ಎಂದು ಹೇಳಿದರೆ ಸುಲಭವಾಗಿ ತಿಳಿಯುತ್ತದೆ. ಚಳಿಯನ್ನು ಗ್ರಹಿಸುವುದು ಗಿಡದ ಬೆಳೆಯುವ ತುದಿ, ಅಂದರೆ ಎಲೆಗಳ ಗೊಂಚಲಿನ ನಡುವೆ ಅಡಗಿರುವ ಮೊಗ್ಗು. ನಾಂಟಿಸ್‌ನಂತಹ ಶೀತವಲಯದ ಕ್ಯಾರೆಟ್ ತಳಿಗೆ ಸುಮಾರು 5ರಿಂದ 10 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಹಲವು ವಾರಗಳು ಕಳೆದರೆ ಈ ಸಂಸ್ಕಾರ ದೊರೆಯುತ್ತದೆ.

ಇಲ್ಲಿ ಒಂದು ಭೇದವನ್ನು ಗಮನಿಸಬೇಕು. ಕ್ಯಾರೆಟ್ ಮತ್ತು ಈರುಳ್ಳಿಗಳ ಎಳೆಯ ಸಸಿಗೆ ಚಳಿಯ ಸೂಚನೆ ತಿಳಿಯುವುದಿಲ್ಲ. ಸಸಿ ಒಂದು ಮಟ್ಟಕ್ಕೆ ಬೆಳೆದು ಹಲವು ಎಲೆಗಳನ್ನು ತಾಳಿದ ಮೇಲೆಯೇ ಅದು ಚಳಿಗೆ ಸ್ಪಂದಿಸುತ್ತದೆ. ಮೂಲಂಗಿಯ ಸ್ವಭಾವ ಬೇರೆ. ಅದು ಮೊಳಕೆಯ ಹಂತದಿಂದಲೇ ಚಳಿಯನ್ನು ಗ್ರಹಿಸಬಲ್ಲದು. ಆದ್ದರಿಂದ ಕ್ಯಾರೆಟ್ ಮತ್ತು ಈರುಳ್ಳಿಯ ವಿಷಯದಲ್ಲಿ ‘ಚಳಿ ಬಂದಾಗ ಸಸಿ ಎಷ್ಟು ದೊಡ್ಡದಾಗಿತ್ತು?’ ಎಂದು ಕೇಳಬೇಕು. ಮೂಲಂಗಿಯ ವಿಷಯದಲ್ಲಿ ‘ಬಿತ್ತಿದಾಗ ಎಷ್ಟು ಚಳಿಯಿತ್ತು?’ ಎಂಬುದನ್ನೂ ಕೇಳಬೇಕು.

ಈ ಚಳಿ ಒಬ್ಬ ರೈತನಿಗೆ ಹಾನಿ, ಇನ್ನೊಬ್ಬನಿಗೆ ಲಾಭ. ಬಯಲುನಾಡಿನಲ್ಲಿ ನಾಂಟಿಸ್ ಕ್ಯಾರೆಟ್ ಬೇರು ಕೊಟ್ಟರೂ ಬೀಜ ಕೊಡುವುದಿಲ್ಲ. ಅದಕ್ಕೆ ಬೇಕಾದಷ್ಟು ಚಳಿ ಅಲ್ಲಿಲ್ಲ. ಹಾಗಾಗಿ ಅಂತಹ ತಳಿಗಳ ಬೀಜೋತ್ಪಾದನೆ ಹಿಮಾಚಲ ಪ್ರದೇಶದ ಕುಲ್ಲು ಕಣಿವೆಯಂತಹ ಶೀತಪ್ರದೇಶಗಳಲ್ಲಿ ನಡೆಯುತ್ತದೆ. ಬೀಜ ಬೆಳೆಯುವವನು ಚಳಿಯನ್ನು ಕಾದು ಕುಳಿತರೆ, ಬೇರು ಬೆಳೆಯುವವನು ಅದನ್ನು ತಪ್ಪಿಸಿಕೊಳ್ಳಲು ಯತ್ನಿಸುತ್ತಾನೆ.

3.3 ಎರಡನೆಯ ಸೂಚನೆ: ಹಗಲಿನ ಉದ್ದ

1920ರಲ್ಲಿ ಅಮೆರಿಕದ ವಿಜ್ಞಾನಿಗಳಾದ ಗಾರ್ನರ್ ಮತ್ತು ಅಲ್ಲಾರ್ಡ್ ಅವರು ತಂಬಾಕು ಮತ್ತು ಸೋಯಾ ಗಿಡಗಳ ಮೇಲೆ ನಡೆಸಿದ ಪ್ರಯೋಗಗಳನ್ನು ಪ್ರಕಟಿಸಿ, ಹೂಬಿಡುವ ಕಾಲವನ್ನು ಹಗಲಿನ ಉದ್ದ ನಿಯಂತ್ರಿಸುತ್ತದೆ ಎಂದು ತೋರಿಸಿದರು. ಗಿಡ ವಾಸ್ತವವಾಗಿ ಅಳೆಯುವುದು ಕತ್ತಲೆಯ ಉದ್ದವನ್ನು ಎಂಬುದು ಅನಂತರದ ಸಂಶೋಧನೆಗಳಿಂದ ತಿಳಿಯಿತು. ಚಳಿಯನ್ನು ಬೆಳೆಯುವ ತುದಿ ಗ್ರಹಿಸಿದರೆ, ಹಗಲಿನ ಉದ್ದವನ್ನು ಎಲೆಗಳು ಗ್ರಹಿಸುತ್ತವೆ. ಎಲೆಯಿಂದ ಹೊರಟ ಸಂದೇಶ ತುದಿಯನ್ನು ತಲುಪಿ ಅಲ್ಲಿ ಹೂಮೊಗ್ಗು ರೂಪುಗೊಳ್ಳುತ್ತದೆ. ಮೂಲಂಗಿ ಮತ್ತು ಬೀಟ್‌ರೂಟ್‌ಗಳಲ್ಲಿ ಹಗಲು ದೀರ್ಘವಾದಷ್ಟೂ ಹೂದಂಟು ಬೇಗ ಏಳುತ್ತದೆ.

ನಮ್ಮ ಪ್ರದೇಶಗಳಲ್ಲಿ ಹಗಲು ಎಷ್ಟು ಬದಲಾಗುತ್ತದೆ? ಉದಕಮಂಡಲದಲ್ಲಿ ಡಿಸೆಂಬರ್ ಕೊನೆಯ ಹಗಲು ಸುಮಾರು 11 ಗಂಟೆ 30 ನಿಮಿಷ. ಜೂನ್ ಕೊನೆಯ ಹಗಲು ಸುಮಾರು 12 ಗಂಟೆ 45 ನಿಮಿಷ. ಅದಕ್ಕಿಂತ ಉತ್ತರಕ್ಕಿರುವ ಸೊಲ್ಲಾಪುರದಲ್ಲಿ ಇವು ಕ್ರಮವಾಗಿ ಸುಮಾರು 11 ಗಂಟೆ 5 ನಿಮಿಷ ಮತ್ತು 13 ಗಂಟೆ 10 ನಿಮಿಷ. ಲಂಡನ್ನಿನಲ್ಲಾದರೋ ಜೂನ್ ತಿಂಗಳ ಹಗಲು ಹದಿನಾರು ಗಂಟೆಗಿಂತಲೂ ದೀರ್ಘ. ಯುರೋಪಿನ ತೋಟಗಾರಿಕೆಯ ಪುಸ್ತಕಗಳಲ್ಲಿ ‘ವಸಂತದಲ್ಲಿ ಬಿತ್ತಿರಿ’ ಎಂದಿರುವ ಸಲಹೆಯನ್ನು ನಮ್ಮ ನೆಲಕ್ಕೆ ಹಾಗೆಯೇ ಅನ್ವಯಿಸಲಾಗದು ಎಂಬುದನ್ನು ಈ ಅಂಕಿಗಳಿಂದ ಮಕ್ಕಳು ತಾವೇ ಕಂಡುಕೊಳ್ಳಬಹುದು.

3.4 ಮೂರನೆಯ ಅಂಶ: ಗಿಡದ ಸಂಕಟ

ನೀರು ತಪ್ಪಿ ಒಣಗಿ ಮತ್ತೆ ನೆನೆದ ಮಡಿ, ಒತ್ತೊತ್ತಾಗಿ ನಿಂತ ಸಸಿಗಳು, ಸಾರಹೀನ ಮಣ್ಣು, ಇದ್ದಕ್ಕಿದ್ದಂತೆ ಏರಿದ ಬಿಸಿಲು – ಇವೆಲ್ಲ ಗಿಡದ ಬೆಳವಣಿಗೆಯನ್ನು ತಡೆಯುತ್ತವೆ. ಹೀಗೆ ತಡೆಗೊಂಡ ಗಿಡ ಬೇರನ್ನು ತುಂಬಿಸುವ ಬದಲು ಬೀಜ ಮಾಡಲು ಅವಸರಿಸುತ್ತದೆ. ಈರುಳ್ಳಿಯಲ್ಲಿ ಸಾರಜನಕದ ಕೊರತೆಯೂ ಹೂದಂಟನ್ನು ಹೆಚ್ಚಿಸುತ್ತದೆ. ಶಾಲಾ ಕೈತೋಟದಲ್ಲಿ ಈ ಅಂಶವನ್ನು ವಿಶೇಷವಾಗಿ ಗಮನಿಸಬೇಕು. ರಜೆಯ ಹತ್ತು ದಿನ ಮಡಿಗೆ ನೀರಿಲ್ಲ. ರಜೆ ಮುಗಿಯುವ ವೇಳೆಗೆ ಕೀಳಬೇಕಾದ ಕಾಲವೂ ಮೀರಿರುತ್ತದೆ. ಮಕ್ಕಳು ಮರಳಿ ಬಂದಾಗ ಅವರನ್ನು ಎದುರುಗೊಳ್ಳುವುದು ಹೂವು.

4. ತಡೆಯುವ ಕ್ರಮಗಳು

4.1 ಕಾಲಕ್ಕೂ ಊರಿಗೂ ತಕ್ಕ ತಳಿ. ಮೂಲಂಗಿಯಲ್ಲಿ ಎರಡು ಬಗೆಯ ತಳಿಗಳಿವೆ. ಶೀತವಲಯದ ತಳಿಗಳು ತಂಪಿನಲ್ಲಿ ಚೆನ್ನಾಗಿ ಬೇರು ಬಿಡುತ್ತವೆ. ಏಷ್ಯಾದ ಉಷ್ಣವಲಯದ ತಳಿಗಳು ಬಿಸಿಯನ್ನು ತಾಳುತ್ತವೆ, ಆದರೆ ಹೂಬಿಡಲು ಅವುಗಳಿಗೆ ಹೆಚ್ಚಿನ ಚಳಿ ಬೇಕಿಲ್ಲ. ಬೇಸಿಗೆ ಮತ್ತು ಮಳೆಗಾಲದ ಬಿತ್ತನೆಗೆ ‘ಪೂಸಾ ಚೇತಕಿ’ ಒಗ್ಗುತ್ತದೆ. ಬೆಂಗಳೂರಿನ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆ ಹೊರತಂದ ‘ಅರ್ಕಾ ನಿಶಾಂತ್’ ತಳಿ ಬೆಂಡಾಗುವಿಕೆ, ಅಕಾಲದ ಹೂದಂಟು ಹಾಗೂ ಬೇರು ಕವಲೊಡೆಯುವಿಕೆಗಳನ್ನು ತಡೆದುಕೊಳ್ಳುವ ಗುಣಕ್ಕಾಗಿ ಆಯ್ಕೆಯಾದುದು. 50ರಿಂದ 55 ದಿನಗಳಲ್ಲಿ ಕೀಳಲು ಬರುತ್ತದೆ. ಶಾಲಾ ತೋಟಕ್ಕೆ ಇದು ಅನುಕೂಲ.

ಕ್ಯಾರೆಟ್ಟಿನಲ್ಲೂ ಇದೇ ಭೇದವುಂಟು. ‘ಪೂಸಾ ಕೇಸರ್’ನಂತಹ ಉಷ್ಣವಲಯದ ತಳಿ ಬಯಲುನಾಡಿನಲ್ಲಿಯೇ ಹೂಬಿಟ್ಟು ಬೀಜ ಕೊಡಬಲ್ಲದು. ಸ್ವಲ್ಪ ಚಳಿಯೇ ಅದಕ್ಕೆ ಸಾಕಾಗುವುದರಿಂದ ನೀಲಗಿರಿಯಂತಹ ಎತ್ತರದ, ಡಿಸೆಂಬರ್–ಜನವರಿಯಲ್ಲಿ ಹಿಮಬಿಂದು ಗಟ್ಟಿಯಾಗುವ ನೆಲಕ್ಕೆ ಅಂತಹ ತಳಿ ಹೊಂದುವುದಿಲ್ಲ. ಅಲ್ಲಿ ನಾಂಟಿಸ್ ಗುಂಪಿನ ಶೀತವಲಯದ ತಳಿಗಳೇ ಸರಿ. ಬೀಜದ ಪೊಟ್ಟಣವನ್ನು ಕೊಳ್ಳುವಾಗ ತಳಿಯ ಹೆಸರು, ಬಿತ್ತನೆಯ ತಿಂಗಳು ಮತ್ತು ಬಳಕೆಯ ಕೊನೆಯ ದಿನಾಂಕ ಇವು ಮೂರನ್ನೂ ಮಕ್ಕಳಿಂದಲೇ ಓದಿಸಬೇಕು.

4.2 ಕೊಯ್ಲಿನ ದಿನದಿಂದ ಹಿಂದಕ್ಕೆ ಎಣಿಸಿ ಬಿತ್ತನೆ. ಸಾಮಾನ್ಯವಾಗಿ ನಾವು ಬಿತ್ತಲು ಅನುಕೂಲವಾದ ದಿನವನ್ನು ಹುಡುಕುತ್ತೇವೆ. ಶಾಲಾ ತೋಟದಲ್ಲಿ ಮೊದಲು ಹುಡುಕಬೇಕಾದುದು ಕೀಳಲು ಅನುಕೂಲವಾದ ದಿನ. ಆ ದಿನ ರಜೆಗೆ ಮೊದಲು ಬರಬೇಕು, ಪರೀಕ್ಷೆಯ ನಡುವೆ ಬರಬಾರದು. ಕೆಳಗಿನವು ಮಾದರಿಗಳು ಮಾತ್ರ. ಆಯಾ ವರ್ಷದ ರಜಾಪಟ್ಟಿಯನ್ನು ನೋಡಿ ಶಿಕ್ಷಕರು ದಿನಾಂಕಗಳನ್ನು ತಿದ್ದಿಕೊಳ್ಳಬೇಕು.

– ಕೇರಳ ಮತ್ತು ತಮಿಳುನಾಡು: ಡಿಸೆಂಬರ್ ಕೊನೆಯ ವಾರದ ರಜೆಗೆ ಮೊದಲು, ಡಿಸೆಂಬರ್ 20ಕ್ಕೆ ಕೀಳುವುದಾದರೆ, 50 ದಿನಗಳ ತಳಿಯನ್ನು ಅಕ್ಟೋಬರ್ 31ಕ್ಕೂ 45 ದಿನಗಳ ತಳಿಯನ್ನು ನವೆಂಬರ್ 5ಕ್ಕೂ ಬಿತ್ತಬೇಕು.
– ಮಹಾರಾಷ್ಟ್ರ: ದೀಪಾವಳಿ ರಜೆ ಮುಗಿದ ಬಳಿಕ ನವೆಂಬರ್ 20ರಂದು ಬಿತ್ತಿದರೆ 50ನೆಯ ದಿನ ಜನವರಿ 9ಕ್ಕೆ ಬರುತ್ತದೆ.
– ಆಂಧ್ರಪ್ರದೇಶ ಮತ್ತು ತೆಲಂಗಾಣ: ಸಂಕ್ರಾಂತಿಯ ರಜೆಗೆ ಮೊದಲು, ಜನವರಿ 8ಕ್ಕೆ ಕೀಳುವುದಾದರೆ, 45 ದಿನಗಳ ತಳಿಯನ್ನು ನವೆಂಬರ್ 24ಕ್ಕೆ ಬಿತ್ತಬೇಕು.

ಬಯಲುನಾಡಿನಲ್ಲಿ ಈ ಅವಧಿಗೆ ಇನ್ನೊಂದು ಅನುಕೂಲವಿದೆ: ಹಗಲು ಮೊಟಕಾಗಿರುತ್ತದೆ, ಬಿಸಿಲು ಸೌಮ್ಯವಾಗಿರುತ್ತದೆ. ಇದೇ ಮೂಲಂಗಿಯನ್ನು ಜನವರಿಯಲ್ಲಿ ತಡವಾಗಿ ಬಿತ್ತಿದರೆ, ಎಳೆತನದಲ್ಲಿ ಚಳಿ ತಾಗಿ, ಬೇರು ತುಂಬುವ ಹೊತ್ತಿಗೆ ಹಗಲು ಬೆಳೆದು ಬಿಸಿಲೇರುತ್ತದೆ. ಹೂದಂಟಿಗೆ ಬೇಕಾದ ಎಲ್ಲ ಸೂಚನೆಗಳೂ ಆಗ ಒಟ್ಟಾಗುತ್ತವೆ.

4.3 ಈರುಳ್ಳಿಯಲ್ಲಿ ಸಸಿಯ ವಯಸ್ಸು. ಹಿಂಗಾರಿನ ಈರುಳ್ಳಿಯ ಸಸಿಮಡಿಯನ್ನು ಅತಿ ಬೇಗ ಮಾಡಿದರೆ, ಚಳಿ ಬಲಿಯುವ ಕಾಲಕ್ಕೆ ಸಸಿಗಳು ದಪ್ಪವಾಗಿ ಬೆಳೆದಿರುತ್ತವೆ. ಚಳಿಯ ಸೂಚನೆ ದೊಡ್ಡ ಸಸಿಗಳಿಗೆ ಬೇಗ ತಾಗುವುದರಿಂದ ಅವುಗಳಲ್ಲಿ ಹೂದಂಟು ಹೆಚ್ಚು. ಆರರಿಂದ ಎಂಟು ವಾರಗಳ ಸಸಿಯನ್ನು ನಾಟಿ ಮಾಡಬೇಕು. ವಯಸ್ಸು ಮೀರಿದ, ಬುಡ ದಪ್ಪಗಾದ ಸಸಿಗಳನ್ನು ಬೇರ್ಪಡಿಸಬೇಕು. ಮಳೆಗಾಲಕ್ಕೆಂದು ಹೊರತಂದ ತಳಿಯನ್ನು ಹಿಂಗಾರಿಗೆ ಬಳಸಬಾರದು. ಸೊಲ್ಲಾಪುರ ಭಾಗದ ಮಕ್ಕಳು ಹೂದಂಟಿಗೆ ‘ಡೆಂಗಳೆ’ ಎಂಬ ಮರಾಠಿ ಮಾತನ್ನು ಕೇಳಿರಬಹುದು. ತಾವು ಕಂಡ ಹೊಲವನ್ನು ನೆನಪಿಸಿಕೊಳ್ಳಲು ಆ ಪದವೇ ಸಹಾಯಕವಾಗುತ್ತದೆ.

4.4 ತಡೆಯಿಲ್ಲದ ಬೆಳವಣಿಗೆ. ಮಣ್ಣನ್ನು ಆಳವಾಗಿ ಸಡಿಲಿಸಿ ಏರುಮಡಿ ಮಾಡಬೇಕು. ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರವನ್ನು ಮಾತ್ರ ಬಳಸಬೇಕು. ಹಸಿ ಗೊಬ್ಬರ ಹಾಕಿದರೆ ಬೇರು ಕವಲೊಡೆಯುತ್ತದೆ. ಸಾಲಿನಿಂದ ಸಾಲಿಗೆ 30 ಸೆಂಟಿಮೀಟರ್ ಅಂತರವಿಟ್ಟು, ಮೊಳೆತ ಹತ್ತು–ಹನ್ನೆರಡು ದಿನಗಳಲ್ಲಿ ಹೆಚ್ಚಿನ ಸಸಿಗಳನ್ನು ಕಿತ್ತು, ಗಿಡದಿಂದ ಗಿಡಕ್ಕೆ 8ರಿಂದ 10 ಸೆಂಟಿಮೀಟರ್ ಬಿಡಬೇಕು. ಮಕ್ಕಳಿಗೆ ಸಸಿ ಕೀಳುವುದು ಕಷ್ಟದ ಕೆಲಸ. ಜೀವ ಇರುವುದನ್ನು ಏಕೆ ಕೀಳಬೇಕೆಂದು ಅವರು ಕೇಳುತ್ತಾರೆ. ಕಿತ್ತ ಎಳೆಸೊಪ್ಪು ಅಡುಗೆಗೆ ಸಲ್ಲುತ್ತದೆ ಎಂದು ತೋರಿಸಿದರೆ ಸಮಾಧಾನವಾಗುತ್ತದೆ. ಮೂಲಂಗಿಯನ್ನೂ ಕ್ಯಾರೆಟ್ಟನ್ನೂ ಸಸಿ ಕಿತ್ತು ನಾಟಿ ಮಾಡಬಾರದು; ತಾಯಿಬೇರು ಮುರಿದು ತರಕಾರಿ ವಿಕಾರಗೊಳ್ಳುತ್ತದೆ. ನೀರನ್ನು ಒಮ್ಮೆ ಹೆಚ್ಚು ಒಮ್ಮೆ ಕಡಿಮೆ ಎನ್ನದೆ ಸಮನಾಗಿ ಕೊಡಬೇಕು. ವಾರಾಂತ್ಯದ ನೀರಿನ ಸರದಿಯ ಪಟ್ಟಿಯನ್ನು ಬಿತ್ತನೆಗೆ ಮೊದಲೇ ಬರೆದು ಅಂಟಿಸಬೇಕು.

4.5 ಸಕಾಲದ ಕೊಯ್ಲು. ಬೇರು ಇನ್ನೂ ದಪ್ಪವಾಗಲಿ ಎಂಬ ಆಸೆಯಿಂದ ಮೂಲಂಗಿಯನ್ನು ನೆಲದಲ್ಲಿಯೇ ಬಿಡಬಾರದು. ಗಿಡಗಳ ನಡುವೆ ಮೊದಲ ದಂಟು ಕಂಡ ದಿನವೇ ಉಳಿದ ಗಿಡಗಳ ಬೇರನ್ನು ಪರೀಕ್ಷಿಸಿ, ಬಲಿತವನ್ನೆಲ್ಲ ಕೀಳಬೇಕು.

4.6 ಬೀಜಕ್ಕೆ ಯಾವ ಗಿಡ? ಮೊದಲು ಹೂಬಿಟ್ಟ ಗಿಡವನ್ನೇ ಬೀಜಕ್ಕೆಂದು ಬಿಡುವುದುಂಟು. ಇದು ಹಾನಿಕರವಾದ ಅಭ್ಯಾಸ. ಬೇಗ ಹೂಬಿಡುವ ಗುಣ ವಂಶದಲ್ಲಿ ಸಾಗುವುದರಿಂದ, ಅಂತಹ ಬೀಜ ಬಿತ್ತಿದ ಮುಂದಿನ ವರ್ಷದ ಮಡಿಯಲ್ಲಿ ಹೂದಂಟು ಮತ್ತಷ್ಟು ಹೆಚ್ಚುತ್ತದೆ. ಬೇರು ಚೆನ್ನಾಗಿ ತುಂಬಿ, ಎಲ್ಲಕ್ಕಿಂತ ತಡವಾಗಿ ಹೂಬಿಟ್ಟ ಹಲವು ಗಿಡಗಳಿಂದ ಬೀಜ ಹಿಡಿಯಬೇಕು. ಮೂಲಂಗಿಯಲ್ಲಿ ಜೇನು ಮೊದಲಾದ ಕೀಟಗಳಿಂದ ಪರಾಗಸ್ಪರ್ಶವಾಗುವ ಕಾರಣ, ಅಕಾಲದಲ್ಲಿ ಹೂವಾದ ಗಿಡಗಳನ್ನು ಹೂವು ಅರಳುವ ಮೊದಲೇ ತೆಗೆದುಹಾಕಬೇಕು.

5. ಮಕ್ಕಳಲ್ಲಿ ಕಂಡುಬರುವ ತಪ್ಪು ತಿಳಿವಳಿಕೆಗಳು

‘ದಂಟನ್ನು ಚಿವುಟಿದರೆ ಬೇರು ಮತ್ತೆ ತುಂಬುತ್ತದೆ.’ ತುದಿಯಲ್ಲಿ ಆದ ಬದಲಾವಣೆ ಚಿವುಟಿದ ಮಾತ್ರಕ್ಕೆ ಹಿಂದಿರುಗುವುದಿಲ್ಲ. ಪಕ್ಕದಿಂದ ಮತ್ತೆ ದಂಟು ಬರುತ್ತದೆ. ಬೆಂಡಾದ ಬೇರು ಮೃದುವಾಗುವುದಿಲ್ಲ.

‘ಹೂವು ಬಂದರೆ ಗಿಡ ಚೆನ್ನಾಗಿದೆ ಎಂದರ್ಥ.’ ಬದನೆ, ಬೆಂಡೆ, ಟೊಮೇಟೊಗಳಲ್ಲಿ ನಾವು ಉಣ್ಣುವುದು ಕಾಯಿ. ಅಲ್ಲಿ ಹೂವು ಬೇಕು. ಮೂಲಂಗಿಯಲ್ಲಿ ಉಣ್ಣುವುದು ಬೇರು. ಅಲ್ಲಿ ಹೂವು ಆ ಬೇರಿನ ಆಹಾರವನ್ನು ಕಬಳಿಸುತ್ತದೆ. ‘ಗಿಡದ ಯಾವ ಭಾಗ ನಮ್ಮ ತಟ್ಟೆಗೆ ಬರುತ್ತದೆ?’ ಎಂಬ ಪ್ರಶ್ನೆಯಿಂದ ಈ ಭೇದ ತಿಳಿಯಾಗುತ್ತದೆ.

‘ಬೀಜ ಕೆಟ್ಟದ್ದು.’ ಕೆಟ್ಟ ಬೀಜ ಮೊಳೆಯುವುದೇ ಇಲ್ಲ. ಮೊಳೆತು, ಬೆಳೆದು, ಬೇಗ ಹೂಬಿಟ್ಟ ಬೀಜ ಬಹುಮಟ್ಟಿಗೆ ಆ ಕಾಲಕ್ಕೆ ಅಥವಾ ಆ ಊರಿಗೆ ಹೊಂದದ ಬೀಜ.

ಹೂವಾದ ಮೂಲಂಗಿಯೂ ಪೂರ್ಣ ವ್ಯರ್ಥವಲ್ಲ. ಅದರ ಎಳೆಯ ಕಾಯಿಗಳು ಪಲ್ಯಕ್ಕೆ ಆಗುತ್ತವೆ. ಮಹಾರಾಷ್ಟ್ರದಲ್ಲಿ ಅವನ್ನು ‘ಡಿಂಗ್ರಿ’ ಎಂದು ಕರೆದು ಅಡುಗೆಗೆ ಬಳಸುತ್ತಾರೆ.

6. ತರಗತಿಯ ಚಟುವಟಿಕೆಗಳು

ಚಟುವಟಿಕೆ 1: ಎರಡು ಬೇರುಗಳ ಹೋಲಿಕೆ (ಒಂದು ಅವಧಿ). ಸಕಾಲದಲ್ಲಿ ಕಿತ್ತ ಒಂದು ಮೂಲಂಗಿ, ಹೂದಂಟು ಎದ್ದ ಒಂದು ಮೂಲಂಗಿ ಇವುಗಳನ್ನು ಅಡ್ಡಲಾಗಿ ಕೊಯ್ದು ತೋರಿಸಿ. ಸುತ್ತಳತೆ, ತೂಕ, ಒಳಬಣ್ಣ, ಮುರಿದಾಗಿನ ಸದ್ದು, ರುಚಿ ಇವುಗಳನ್ನು ಮಕ್ಕಳು ದಾಖಲಿಸಲಿ. ಚಾಕುವನ್ನು ಶಿಕ್ಷಕರೇ ಬಳಸಬೇಕು.

ಚಟುವಟಿಕೆ 2: ಮೂರು ಬಿತ್ತನೆ, ಒಂದು ದಾಖಲೆ (ಎರಡು ಅವಧಿ ಮತ್ತು ಕೈತೋಟ ವೀಕ್ಷಣೆ). ಒಂದೇ ತಳಿಯ ಬೀಜವನ್ನು ಮೂರು ವಾರಗಳ ಅಂತರದಲ್ಲಿ ಮೂರು ಮಡಿಗಳಲ್ಲಿ ಬಿತ್ತಿ. ಮಣ್ಣು, ಗೊಬ್ಬರ, ನೀರು, ಅಂತರ ಮೂರಕ್ಕೂ ಸಮನಾಗಿರಲಿ. ಬಿತ್ತನೆಯ ದಿನ ಮಾತ್ರ ಬೇರೆಯಾಗಿರಲಿ. ದಾಖಲೆ ಪುಸ್ತಕದಲ್ಲಿ ಬಿತ್ತಿದ ದಿನ, ಮೊಳೆತ ದಿನ, ಬೆಳಗಿನ ಮತ್ತು ಮಧ್ಯಾಹ್ನದ ಉಷ್ಣತೆ, ಸೂರ್ಯೋದಯ ಹಾಗೂ ಸೂರ್ಯಾಸ್ತದ ವೇಳೆ, ಮೊದಲ ದಂಟು ಕಂಡ ದಿನ, ಕಿತ್ತ ದಿನ, ದಂಟು ಎದ್ದ ಗಿಡಗಳ ಸಂಖ್ಯೆ ಎಂಬ ಅಂಕಣಗಳಿರಲಿ. ಸೂರ್ಯೋದಯ ಮತ್ತು ಸೂರ್ಯಾಸ್ತದ ವೇಳೆಯನ್ನು ಪಂಚಾಂಗದಿಂದ ಅಥವಾ ದಿನಪತ್ರಿಕೆಯಿಂದ ತೆಗೆದುಕೊಳ್ಳಬಹುದು. ಕೊನೆಯಲ್ಲಿ ಪ್ರತಿ ಮಡಿಯ ಶೇಕಡಾವಾರು ಲೆಕ್ಕ ಹಾಕಿಸಿ. ಉದಾಹರಣೆಗೆ, 40 ಗಿಡಗಳಲ್ಲಿ 6 ಗಿಡಗಳಿಗೆ ದಂಟು ಬಂದಿದ್ದರೆ ಅದು ಶೇಕಡಾ 15. ಎರಡು ಬೇರೆ ಬೇರೆ ತಳಿಗಳನ್ನು ಬಿತ್ತಿ ಹೋಲಿಸಲೂಬಹುದು. ಆದರೆ ಒಂದೇ ಪ್ರಯೋಗದಲ್ಲಿ ತಳಿಯನ್ನೂ ದಿನವನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತೆಂದು ಹೇಳಲಾಗದು. ಈ ವಿವೇಕವೇ ಚಟುವಟಿಕೆಯ ಮುಖ್ಯ ಫಲ.

ಚಟುವಟಿಕೆ 3: ಶೀತಪೆಟ್ಟಿಗೆಯ ಪ್ರಯೋಗ (8ನೆಯ ತರಗತಿಗೆ, ಅನುಕೂಲವಿದ್ದಲ್ಲಿ). ನೆನೆಸಿ ಮೊಳಕೆ ಇಣುಕಿದ ಮೂಲಂಗಿ ಬೀಜಗಳಲ್ಲಿ ಅರ್ಧವನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಫ್ರಿಜ್ಜಿನ ಕೆಳಭಾಗದಲ್ಲಿ ಸುಮಾರು ಇಪ್ಪತ್ತು ದಿನ ಇಡಿ. ಅವನ್ನು ಬಿತ್ತುವ ದಿನವೇ, ಆಗ ತಾನೇ ಮೊಳೆತ ಬೀಜಗಳನ್ನು ಪಕ್ಕದ ಮಡಿಯಲ್ಲಿ ಬಿತ್ತಿ. ಯಾವ ಮಡಿಯಲ್ಲಿ ದಂಟು ಬೇಗ ಬರುತ್ತದೆಂದು ಗಮನಿಸಿ. ಫಲಿತಾಂಶ ತಳಿಯಿಂದ ತಳಿಗೆ ಬದಲಾಗುತ್ತದೆ. ವ್ಯತ್ಯಾಸ ಕಾಣದಿದ್ದರೆ ಮಕ್ಕಳು ಅದನ್ನೇ ಪ್ರಾಮಾಣಿಕವಾಗಿ ಬರೆಯಲಿ. ಅಂಕಿಗಳನ್ನು ತಿದ್ದಲು ಬಿಡಬಾರದು.

ಚಟುವಟಿಕೆ 4: ಮನೆಯ ಹಿರಿಯರ ಸಂದರ್ಶನ (ಒಂದು ಅವಧಿ). ‘ನೀವು ಮೂಲಂಗಿಯನ್ನು ಅಥವಾ ಉಳ್ಳಾಗಡ್ಡಿಯನ್ನು ಯಾವಾಗ ಬಿತ್ತುತ್ತಿದ್ದಿರಿ? ಆ ಕಾಲವನ್ನು ಹೇಗೆ ಗುರುತಿಸುತ್ತಿದ್ದಿರಿ? ಹೂವಾದ ಬೆಳೆಯನ್ನು ಏನೆಂದು ಕರೆಯುತ್ತಿದ್ದಿರಿ?’ ಎಂಬ ಮೂರು ಪ್ರಶ್ನೆಗಳನ್ನು ಮಕ್ಕಳು ಮನೆಯಲ್ಲಿ ಕೇಳಲಿ. ಹಿರಿಯರು ತಿಂಗಳನ್ನು ಹೇಳದೆ ಮಳೆ ನಕ್ಷತ್ರವನ್ನು ಹೇಳಬಹುದು. ಚಿತ್ತೆ ಮಳೆ ಅಕ್ಟೋಬರ್ ಎರಡನೆಯ ವಾರದಲ್ಲಿ ಆರಂಭವಾದರೆ, ಸ್ವಾತಿ ಮಳೆ ಅಕ್ಟೋಬರ್ ಕೊನೆಯ ವಾರದಲ್ಲಿ ಆರಂಭವಾಗಿ ನವೆಂಬರ್ ಮೊದಲ ವಾರದವರೆಗೆ ಇರುತ್ತದೆ. ಹಿರಿಯರ ಲೆಕ್ಕವನ್ನು ಶಾಲೆಯ ಪಂಚಾಂಗದ ದಿನಾಂಕಗಳೊಡನೆ ಹೊಂದಿಸಿ ನೋಡುವುದು ಮಕ್ಕಳಿಗೆ ಒಳ್ಳೆಯ ಅಭ್ಯಾಸ. ಬಿತ್ತುವ ಕಾಲವನ್ನು ಗುರುತಿಸುವುದರಲ್ಲಿ ಅಜ್ಜಿಯ ಮಾತಿಗೂ ವಿಜ್ಞಾನದ ಮಾತಿಗೂ ಎಲ್ಲಿ ಹೊಂದಿಕೆಯಿದೆ, ಎಲ್ಲಿ ಇಲ್ಲ ಎಂಬುದು ಚರ್ಚೆಯ ವಿಷಯವಾಗಲಿ.

7. ಭಾಷಾ ಕಲಿಕೆ

ನಮ್ಮ ಮಕ್ಕಳು ಎರಡು ಭಾಷೆಗಳ ನಡುವೆ ಬದುಕುತ್ತಾರೆ. ತೋಟದಲ್ಲಿ ಅವರ ಬಾಯಿಗೆ ಮೊದಲು ಬರುವ ಪದ ರಾಜ್ಯಭಾಷೆಯದಾಗಿರಬಹುದು. ಅದನ್ನು ತಪ್ಪೆಂದು ತಡೆಯದೆ, ಹಲಗೆಯ ಮೇಲೆ ಕನ್ನಡ ಪದದ ಪಕ್ಕದಲ್ಲಿ ಬರೆಯಬೇಕು. ಕೆಲವು ಉದಾಹರಣೆಗಳು:

– ಮೂಲಂಗಿ: ಮರಾಠಿಯಲ್ಲಿ ಮುಳಾ, ತಮಿಳಿನಲ್ಲಿ ಮುಳ್ಳಂಗಿ, ತೆಲುಗಿನಲ್ಲಿ ಮುಲ್ಲಂಗಿ.
– ಕ್ಯಾರೆಟ್: ಉತ್ತರದ ಕನ್ನಡದಲ್ಲಿ ಗಜ್ಜರಿ, ಮರಾಠಿಯಲ್ಲಿ ಗಾಜರ್.
– ಈರುಳ್ಳಿ: ಸೊಲ್ಲಾಪುರದ ಕಡೆ ಉಳ್ಳಾಗಡ್ಡಿ, ಕಾಸರಗೋಡಿನ ಕಡೆ ನೀರುಳ್ಳಿ, ಮರಾಠಿಯಲ್ಲಿ ಕಾಂದಾ, ತಮಿಳಿನಲ್ಲಿ ವೆಂಗಾಯಂ.

ಮುಖ್ಯ ಪದಗಳು: ಹೂದಂಟು, ಅಕಾಲ, ಬೆಂಡು, ತಳಿ, ಸಸಿಮಡಿ, ದ್ವೈವಾರ್ಷಿಕ, ವರ್ನಲೀಕರಣ, ಪರಾಗಸ್ಪರ್ಶ, ಹಿಂಗಾರು.

ವಾಕ್ಯಾಭ್ಯಾಸ. ದಾಖಲೆ ಪುಸ್ತಕದಲ್ಲಿ ಪ್ರತಿ ವಾರ ಎರಡು ವಾಕ್ಯಗಳನ್ನು ಬರೆಸಿ. ಮೊದಲನೆಯದು ಕಂಡದ್ದು: ‘ಮೂರನೆಯ ಮಡಿಯಲ್ಲಿ ಐದು ಗಿಡಗಳಿಗೆ ದಂಟು ಬಂದಿದೆ.’ ಎರಡನೆಯದು ಊಹಿಸಿದ್ದು: ‘ರಜೆಯಲ್ಲಿ ನೀರು ತಪ್ಪಿದ್ದರಿಂದ ದಂಟು ಬಂದಿರಬಹುದು.’ ‘ಬಂದಿದೆ’ ಮತ್ತು ‘ಬಂದಿರಬಹುದು’ ಎಂಬ ಕ್ರಿಯಾರೂಪಗಳ ಅಂತರವನ್ನು ಇಲ್ಲಿ ತೋರಿಸಿದಷ್ಟು ಸ್ಪಷ್ಟವಾಗಿ ವ್ಯಾಕರಣದ ಪಾಠದಲ್ಲಿ ತೋರಿಸುವುದು ಕಷ್ಟ. ‘ಆದ್ದರಿಂದ’, ‘ಏಕೆಂದರೆ’, ‘ಆದರೂ’, ‘ಒಂದು ವೇಳೆ’ ಎಂಬ ಪದಗಳನ್ನು ಬಳಸಿ ತಲಾ ಒಂದು ವಾಕ್ಯ ರಚಿಸುವುದನ್ನು ಮನೆಗೆಲಸವಾಗಿ ಕೊಡಬಹುದು. ವಿಜ್ಞಾನದ ವಾದವನ್ನು ತನ್ನ ಭಾಷೆಯಲ್ಲಿ ಕಟ್ಟಬಲ್ಲೆನೆಂಬ ವಿಶ್ವಾಸ ಇಂತಹ ಸಣ್ಣ ವಾಕ್ಯಗಳಿಂದಲೇ ಮಗುವಿನಲ್ಲಿ ಬೆಳೆಯುತ್ತದೆ.

8. ಮೌಲ್ಯಮಾಪನ (ಒಂದು ಅವಧಿ)

1. ಕ್ಯಾರೆಟ್ ಗಿಡವು ಬೇರಿನಲ್ಲಿ ಆಹಾರವನ್ನು ಕೂಡಿಡುವುದು ಏಕೆ?
2. ಚಳಿಯನ್ನು ಗ್ರಹಿಸುವ ಭಾಗ ಯಾವುದು? ಹಗಲಿನ ಉದ್ದವನ್ನು ಗ್ರಹಿಸುವ ಭಾಗ ಯಾವುದು?
3. ಒಂದು ಶಾಲೆಗೆ ಡಿಸೆಂಬರ್ 22ರಿಂದ ರಜೆ. 50 ದಿನಗಳ ಮೂಲಂಗಿಯನ್ನು ಡಿಸೆಂಬರ್ 18ಕ್ಕೆ ಕೀಳಬೇಕಾದರೆ ಯಾವ ದಿನ ಬಿತ್ತಬೇಕು? (ಉತ್ತರ: ಅಕ್ಟೋಬರ್ 29)
4. ಒಬ್ಬ ರೈತರು ಈರುಳ್ಳಿಯ ದಪ್ಪ ಸಸಿಗಳನ್ನೂ ತೆಳ್ಳನೆಯ ಸಸಿಗಳನ್ನೂ ಒಂದೇ ದಿನ ನಾಟಿ ಮಾಡಿದರು. ಚಳಿಗಾಲ ಕಳೆದಾಗ ಯಾವುದರಲ್ಲಿ ಹೂದಂಟು ಹೆಚ್ಚಿರಬಹುದು? ಕಾರಣ ಕೊಡಿ.
5. ನಾಂಟಿಸ್ ಕ್ಯಾರೆಟ್ಟಿನ ಬೀಜವನ್ನು ಸೊಲ್ಲಾಪುರದಲ್ಲಿ ಉತ್ಪಾದಿಸುವುದು ಏಕೆ ಕಷ್ಟ?
6. ‘ಮೊದಲು ಹೂಬಿಟ್ಟ ಗಿಡದಿಂದ ಬೀಜ ಹಿಡಿಯಬಾರದು.’ ಈ ಮಾತನ್ನು ನಿಮ್ಮ ಮನೆಯವರಿಗೆ ಮನವರಿಕೆ ಮಾಡಿಕೊಡುವಂತೆ ಆರು ವಾಕ್ಯಗಳಲ್ಲಿ ಬರೆಯಿರಿ.

ಮೌಲ್ಯಮಾಪನದಲ್ಲಿ ಬೇರಿನ ಗಾತ್ರಕ್ಕೆ ಅಂಕ ಕೊಡಬಾರದು. ದಾಖಲೆಯ ಕ್ರಮಬದ್ಧತೆಗೂ ಕಾರಣಗಳ ಸ್ಪಷ್ಟತೆಗೂ ಕೊಡಬೇಕು. ಮಡಿಯಲ್ಲಿ ಪೂರ್ತಿ ಹೂವಾದ ಗುಂಪು ಸರಿಯಾದ ಕಾರಣವನ್ನು ಕಂಡುಹಿಡಿದಿದ್ದರೆ ಅದಕ್ಕೆ ಪೂರ್ಣ ಅಂಕ ಸಲ್ಲಬೇಕು.

9. ಶಿಕ್ಷಕರಿಗೆ ಕೊನೆಯ ಸೂಚನೆ

ಈ ವರ್ಷದ ದಾಖಲೆ ಪುಸ್ತಕವನ್ನು ಶಾಲೆಯ ಕಪಾಟಿನಲ್ಲಿ ಉಳಿಸಿ, ಮುಂದಿನ ವರ್ಷದ ತರಗತಿಗೆ ಒಪ್ಪಿಸಬೇಕು. ಒಂದು ವರ್ಷದ ಅಂಕಿಗಳು ಆ ವರ್ಷದ ಹವೆಯನ್ನಷ್ಟೇ ತಿಳಿಸುತ್ತವೆ. ನಾಲ್ಕೈದು ವರ್ಷಗಳ ಅಂಕಿಗಳು ಒಟ್ಟಾದಾಗ ಆ ಊರಿನ ನೆಲಕ್ಕೆ ಯಾವ ತಳಿಯನ್ನು ಯಾವ ವಾರದಲ್ಲಿ ಬಿತ್ತಬೇಕೆಂಬುದು ಗೊತ್ತಾಗುತ್ತದೆ. ಬೇರೆ ಹವೆಯ ನೆಲಕ್ಕೆಂದು ಬರೆದ ಪುಸ್ತಕದಲ್ಲಿ ಈ ಉತ್ತರ ದೊರೆಯದು. ಅಂತಹ ದಾಖಲೆ ಸಿದ್ಧವಾದ ಬಳಿಕ ಅದರ ಒಂದು ಪ್ರತಿಯನ್ನು ಪೋಷಕರ ಸಭೆಯಲ್ಲಿ ಮಕ್ಕಳೇ ಓದಿ ಹೇಳುವ ವ್ಯವಸ್ಥೆ ಮಾಡಿ.